ಆಕಾಶಮಲ್ಲಿಗೆಯ ತೊಗಟೆಯೊಳಗೆ

ಪತ್ರ ನನ್ನ ಮೇಜಿಗೆ ಬರುವ ಹೊತ್ತಿಗೆ ಅದರ ಮೇಲೆ ಮೂರು ಕಚೇರಿಗಳ ಮುದ್ರೆ ಬಿದ್ದಿತ್ತು. ಬರೆದವರು ಇಂಡಿ ತಾಲ್ಲೂಕಿನ ಒಂದು ಪ್ರೌಢಶಾಲೆಯ ಮುಖ್ಯಗುರುಗಳು. ಅಂಗಳದಲ್ಲಿರುವ ದೊಡ್ಡ ಆಕಾಶಮಲ್ಲಿಗೆ ಮರದ ಟೊಂಗೆಯೊಂದು ಬೇಸಿಗೆ ರಜೆ ಬಿಡುವ ಹಿಂದಿನ ದಿನ ಗಾಳಿಗೆ ಮುರಿದು ಬಿದ್ದಿದೆ. ಮಕ್ಕಳು ಊಟ ಮುಗಿಸಿ ಆ ಜಾಗದಿಂದ ಎದ್ದು ಹೋಗಿ ಅರ್ಧ ತಾಸೂ ಆಗಿರಲಿಲ್ಲ. ಪಾತ್ರೆ ತಿಕ್ಕುತ್ತಿದ್ದ ಅಡುಗೆಯವರು ಒಂದು ಮಾರಿನ ಅಂತರದಲ್ಲಿ ಪಾರಾಗಿದ್ದಾರೆ. ಆದ್ದರಿಂದ ಶಾಲೆ ಮತ್ತೆ ಶುರುವಾಗುವುದರೊಳಗೆ ಮರವನ್ನು ತೆಗೆಸಿಕೊಡಬೇಕು. ಟೈಪು ಮಾಡಿದ ಪತ್ರದ ಕೊನೆಗೆ ಪೆನ್ನಿನಿಂದ ಒಂದು ಸಾಲು ಸೇರಿಸಿದ್ದರು: ‘ದಯವಿಟ್ಟು ತಡ ಮಾಡಬೇಡಿ.’ ಶಾಲೆ ಶುರುವಾಗಲು ಇಪ್ಪತ್ತಾರು ದಿನ ಉಳಿದಿದ್ದವು.

ನಾನಿರುವುದು ಮುದ್ದೇಬಿಹಾಳದಲ್ಲಿ. ಸಸಿ ಬೆಳೆಸಿ ಹಂಚುವ ನರ್ಸರಿ ನೋಡಿಕೊಳ್ಳುವುದು, ಸಾರ್ವಜನಿಕ ಜಾಗದ ಮರಗಳನ್ನು ತಪಾಸಣೆ ಮಾಡಿ ಉಳಿಸಬೇಕೋ ಕಡಿಯಬೇಕೋ ಎಂದು ವರದಿ ಬರೆಯುವುದು ನನ್ನ ಕೆಲಸ. ಇಂಡಿಯ ಸಹೋದ್ಯೋಗಿ ಹೆರಿಗೆ ರಜೆಯಲ್ಲಿದ್ದುದರಿಂದ ಆ ಬೇಸಿಗೆ ಅಲ್ಲಿನ ಹೊಣೆಯೂ ನನ್ನ ಮೇಲೆ ಬಿದ್ದಿತ್ತು.

ಪತ್ರದಲ್ಲಿ ಆ ಮರದ ಹೆಸರು ಓದಿದಾಗಲೇ ನನಗೆ ಅದರ ಮೇಲೆ ಒಲವು ಹುಟ್ಟಿತೆಂದು ಒಪ್ಪಿಕೊಳ್ಳಬೇಕು. ಎರಡು ವರ್ಷ ಹಿಂದೆ ಬಸವನ ಬಾಗೇವಾಡಿಯ ಒಂದು ರಸ್ತೆಗೆ ಆಕಾಶಮಲ್ಲಿಗೆ ಬೆಳೆಸಿಕೊಡಲು ಹೋಗಿ ಪೂರ್ತಿ ಸೋತಿದ್ದೆ. ನೆಟ್ಟಗೆ ಮೇಲೇರುವ ಮರ ಅದು. ಬೇಗ ಬೆಳೆಯುತ್ತದೆ, ಹರಡಿಕೊಂಡು ರಸ್ತೆಗೆ ಅಡ್ಡ ಬರುವುದಿಲ್ಲ. ಬೆರಳುದ್ದದ ಕೊಳವೆಯ ಬಿಳಿ ಹೂವು ಸಂಜೆ ಅರಳಿ ಬೆಳಗಾಗುವಷ್ಟರಲ್ಲಿ ನೆಲಕ್ಕೆ ಉದುರುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೈತುಂಬ ಹೂವು; ಕೆಲವು ಮರ ಬೇಸಿಗೆಯಲ್ಲೂ ಅಷ್ಟಿಷ್ಟು ಬಿಡುತ್ತವೆ. ಇಷ್ಟೆಲ್ಲ ಹೂ ಬಿಟ್ಟರೂ ನಮ್ಮ ಕಡೆ ಅದು ಕಾಯಿ ಕಟ್ಟುವುದು ಅಪರೂಪ. ಎಲ್ಲೆಲ್ಲೋ ಹುಡುಕಿಸಿ ತಂದ ಬೀಜ ಕಾಗದದ ಚೂರಿನಷ್ಟು ಹಗುರ. ಫ್ಯಾನಿನ ಗಾಳಿಗೇ ಹಾರಿಹೋಗುತ್ತಿತ್ತು. ಹಳೆಯದಾದಷ್ಟೂ ಅದರ ಜೀವ ಕಡಿಮೆ. ಮೂರು ಮಡಿ ಬಿತ್ತಿಸಿದೆ, ಒಂದೂ ಮೊಳೆಯಲಿಲ್ಲ. ಆ ರಸ್ತೆಗೆ ಕೊನೆಗೆ ಹೊಂಗೆ ಕೊಟ್ಟು ಕೈ ತೊಳೆದುಕೊಂಡೆ. ಹೀಗಾಗಿ ಬೆಳೆದು ನಿಂತ ಮರವೊಂದನ್ನು ಕಡಿಯಿರಿ ಎಂಬ ಪತ್ರ ಬಂದಾಗ, ಉಳಿಸುವ ಕಾರಣ ಹುಡುಕುತ್ತಲೇ ನಾನು ಬಸ್ಸು ಹತ್ತಿದೆ.

ತಾಳಿಕೋಟೆ, ಸಿಂದಗಿ ದಾಟಿ ಇಂಡಿ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಅಲ್ಲಿಂದ ಹೊರ್ತಿ ಕಡೆಯ ದಾರಿಯಲ್ಲಿ ಲಿಂಬೆ ತೋಟಗಳ ನಡುವೆ ಆ ಊರು. ಶಾಲೆಯ ಗೇಟಿನಲ್ಲಿ ನಿಂತಾಗ ಮೊದಲು ಕಂಡದ್ದು ಮರವೇ. ಬೋಳು ಅಂಗಳದಲ್ಲಿ ಅದೊಂದೇ ನೆರಳು. ಅದರ ಬುಡದಿಂದ ಆರೇಳು ಹೆಜ್ಜೆಗೆ ಅಡುಗೆಕೋಣೆ. ಮುರಿದ ಟೊಂಗೆಯನ್ನು ಎಳೆದು ಗೋಡೆಗೆ ಒರಗಿಸಿದ್ದರು. ನನ್ನ ತೊಡೆಗಿಂತ ದಪ್ಪವಿತ್ತು.

ಮುಖ್ಯಗುರುಗಳು ಐವತ್ತರ ಆಸುಪಾಸಿನವರು, ಮೆಲುಮಾತಿನವರು. ಕುರ್ಚಿ ಹಾಕಿಸಿ ನೀರು ಕೊಟ್ಟು ನೇರವಾಗಿ ಹೇಳಿದರು:

“ಮೇಡಂ, ನನಗ ಗಿಡದ ಮ್ಯಾಲ ಸಿಟ್ಟಿಲ್ರಿ. ನಾನೂ ಇದರ ನೆಳ್ಳಾಗ ಕುಂತ ಉಂಡಾಂವ. ಆದ್ರ ಮುನ್ನೂರ ಹುಡುಗ್ರನ್ನ ಇದರ ಕೆಳಗ ಕುಂದ್ರಸೂ ಹೊಣಿ ನಂದು. ಅವತ್ತ ಅರ್ಧಾ ತಾಸ ಮೊದಲ ಬಿದ್ದಿದ್ರ ಏನ ಆಗ್ತಿತ್ತು, ವಿಚಾರ ಮಾಡ್ರಿ.”

ಅಷ್ಟರಲ್ಲಿ ಅಡುಗೆಕೋಣೆಯ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಶಾಲೆಯಲ್ಲಿ ಬಹಳ ವರ್ಷದಿಂದ ಮಧ್ಯಾಹ್ನದ ಅಡುಗೆ ಮಾಡುವವರು. ರಜೆಯಾದ್ದರಿಂದ ಲಿಂಬೆಹಣ್ಣು ಬಿಡಿಸುವ ಕೂಲಿಗೆ ಹೋಗಿದ್ದವರು ನಾನು ಬರುವ ಸುದ್ದಿ ಕೇಳಿ ಕೆಲಸ ಬಿಟ್ಟು ಬಂದಿದ್ದರು. ಟೊಂಗೆ ಬಿದ್ದಾಗ ಪಾರಾದವರು ಇವರೇ. ಹೆದರಿದ್ದಾರೇನೋ, ಬೇಗ ಕಡಿಸಿ ಎನ್ನಲು ಬಂದಿದ್ದಾರೇನೋ ಎಂದುಕೊಂಡೆ.

“ಬಿದ್ದದ್ದು ನನ್ನ ಬಾಜೂಕ್ರಿ ಮೇಡಮ್ಮರ,” ಎಂದರು. “ಸಿಟ್ಟ ಬಂದ್ರ ನನಗ ಬರಬೇಕು. ನನಗ ಬಂದಿಲ್ಲಲ್ಲ? ಮತ್ತ ಇವರಿಗ್ಯಾಕ ಬರತೈತಿ?”

ಮುಖ್ಯಗುರುಗಳು ನನ್ನತ್ತ ನೋಡಿದರು. ಈ ಮಾತು ಅವರಿಬ್ಬರ ನಡುವೆ ಮೊದಲೇ ಆಗಿರಬೇಕು.

ನಾನು ತಪಾಸಣೆ ಶುರು ಮಾಡಿದೆ. ಎದೆಯೆತ್ತರಕ್ಕೆ ಟೇಪು ಸುತ್ತಿ ಬೊಡ್ಡೆಯ ಸುತ್ತಳತೆ ತೆಗೆದೆ. ಕೋಲು ಹಿಡಿದು ಕೈ ನೀಡಿ, ಕೋಲಿನ ತುದಿಗೆ ಮರದ ತುದಿ ಕೂಡುವವರೆಗೆ ಹಿಂದೆ ಸರಿದು ಎತ್ತರದ ಅಂದಾಜು ಮಾಡಿದೆ. ಬುಡದ ಮಣ್ಣು ಕೆದಕಿ ಬೇರು ನೋಡಿದೆ. ಕೊಳೆತಿರಲಿಲ್ಲ, ಅಣಬೆ ಎದ್ದಿರಲಿಲ್ಲ. ಮರ ಯಾವ ಕಡೆಗೂ ವಾಲಿರಲಿಲ್ಲ. ಕೊನೆಗೆ ಮರದ ಕೊಡತಿಯಿಂದ ಬೊಡ್ಡೆಯನ್ನು ಸುತ್ತಲೂ ಬಡಿದು ಕಿವಿಗೊಟ್ಟೆ. ಒಳಗೆ ಟೊಳ್ಳಿದ್ದರೆ ಆ ಜಾಗದಲ್ಲಿ ಸದ್ದು ಬದಲಾಗಬೇಕು. ಖಾಲಿ ಡಬ್ಬಿ ಬಡಿದಂತೆ ಕೇಳಬೇಕು. ಇಲ್ಲಿ ಎಲ್ಲಿ ಬಡಿದರೂ ಒಂದೇ ಮೆತ್ತನೆಯ ಸದ್ದು. ‘ಬೊಡ್ಡೆ ಗಟ್ಟಿ’ ಎಂದು ಬರೆದುಕೊಂಡೆ.

ಅಡುಗೆಯವ್ವ ನನ್ನ ಹಿಂದೆಯೇ ಸುತ್ತುತ್ತಿದ್ದರು. ಬೇಸಿಗೆಯ ಒಂದಿಷ್ಟು ಹೂವು ಬೆಳಗಿನಿಂದ ನೆಲದ ಮೇಲೆ ಬಿದ್ದಿದ್ದವು. ಅವನ್ನು ಆಯ್ದು, ಉದ್ದನೆಯ ತೊಟ್ಟುಗಳನ್ನು ಒಂದಕ್ಕೊಂದು ಹೆಣೆದು, ಸೂಜಿಯಿಲ್ಲದೆ ದಾರವಿಲ್ಲದೆ ಗೇಣುದ್ದದ ಮಾಲೆ ಮಾಡಿಬಿಟ್ಟರು. ತಮ್ಮ ಅತ್ತೆ ಈ ಹೂವು ಒಣಗಿಸಿಟ್ಟು ಕೆಮ್ಮಿಗೆ ಕಷಾಯ ಕಾಸುತ್ತಿದ್ದರೆಂದರು. ಅದು ನಿಜಕ್ಕೂ ಕೆಲಸ ಮಾಡುತ್ತದೆಯೋ ನನಗೆ ಗೊತ್ತಿಲ್ಲ. ಬೊಡ್ಡೆಯಿಂದ ಹೆಬ್ಬೆರಳು ದಪ್ಪದ ತೊಗಟೆಯ ತುಂಡೊಂದನ್ನು ಮುರಿದು ತೋರಿಸಿದರು. ಬೆಂಡಿನ ಹಾಗೆ ಹಗುರ, ಉಗುರು ಒತ್ತಿದರೆ ತಗ್ಗು ಬೀಳುತ್ತದೆ. ಅಡುಗೆಮನೆಯ ಎಣ್ಣೆ ಬಾಟಲಿಗಳಿಗೆಲ್ಲ ಇದನ್ನೇ ಕೆತ್ತಿ ಬಿರಡೆ ಮಾಡುತ್ತಾರಂತೆ.

“ಉಳಿತೈತೇನ್ರಿ?” ಎಂದು ಕೊನೆಗೆ ಕೇಳಿದರು.

“ಉಳಿತೈತಿ ಅನಸ್ತೈತಿ, ಅವ್ವಾರ. ಅಡಗಿಮನಿ ಕಡೆ ಚಾಚಿದ ಟೊಂಗಿ ತಗದ್ರ ಸಾಕು.”

ಆ ಮಾತು ಆಡಬಾರದಿತ್ತು. ತಪಾಸಣೆ ಮುಗಿಯುವ ಮೊದಲು ಫಲಿತಾಂಶ ಹೇಳಬಾರದೆಂದು ಹೊಸಬರಿಗೆ ನಾನೇ ಪಾಠ ಮಾಡುತ್ತೇನೆ.

ಮುಖ್ಯಗುರುಗಳು ಜಗಳವಾಡಲಿಲ್ಲ. “ಹಂಗಾದ್ರ ಬರದ ಕೊಡ್ರಿ ಮೇಡಂ. ಈ ಗಿಡದಿಂದ ಹುಡುಗ್ರಿಗೆ ಅಪಾಯ ಇಲ್ಲ ಅಂತ ಬರದ ಸಹಿ ಮಾಡ್ರಿ. ನಾ ಏನೂ ಅನ್ನೂದಿಲ್ಲ,” ಎಂದರು. ಟೊಂಗೆ ತೆಗೆಸಿದ ದಿನವೇ ಸಹಿ ಮಾಡಿಕೊಡುತ್ತೇನೆಂದೆ.

ಮರದ ಸುತ್ತ ಹತ್ತು ಹದಿನೈದು ಅಡಿಯವರೆಗೆ ನೆಲದಿಂದ ಅಲ್ಲಲ್ಲಿ ಸಸಿಗಳು ಎದ್ದಿದ್ದವು. ಬೀಜ ಕಟ್ಟದ ಈ ಮರ ತನ್ನ ಬೇರಿನಿಂದಲೇ ಮರಿ ಹಾಕುತ್ತದೆ. ಕಟ್ಟಡದ ಬದಿಯ ಫರಸಿಕಲ್ಲು ಎಬ್ಬಿಸುತ್ತವೆಂದು ಶಾಲೆಯವರು ವರ್ಷವೂ ಅವನ್ನು ಸವರಿ ಹಾಕುತ್ತಿದ್ದರಂತೆ. ಬೀಜದಿಂದ ಸೋತ ನನಗೆ ಆಸೆಯಾಯಿತು. ಹದಿನಾಲ್ಕು ಮರಿಗಳನ್ನು ಅಗೆದು, ಬೇರಿನ ತುಂಡಿನ ಸಮೇತ ಕತ್ತರಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಮುದ್ದೇಬಿಹಾಳಕ್ಕೆ ತಂದೆ.

ನಮ್ಮ ನರ್ಸರಿಯ ಮಾಲಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಬೇರಿನ ವಿಷಯದಲ್ಲಿ ಅವರ ಮಾತು ತಪ್ಪಿದ್ದು ನಾನು ಕಂಡಿಲ್ಲ. ಗೋಣಿ ಬಿಚ್ಚಿ ಒಂದು ಮರಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

“ಇವು ಉಳಿಯೂದಿಲ್ರಿ ಮೇಡಮ್ಮರ.”

“ಯಾಕ? ಬೇರ ಐತೆಲ್ಲ?”

“ಅದು ತಾಯಿ ಬೇರು. ಇವಕ ಸ್ವಂತದ್ದ ಎಲ್ಲೈತ್ರಿ? ಇವಿನ್ನಾ ಹಾಲ ಕುಡಿಯೂ ಮರಿ. ಒಮ್ಮೆಲೆ ಬಿಡಿಸಿ ತಂದ್ರ ಸಾಯ್ತಾವ.”

ಆದರೂ ಕೆಂಪು ಮಣ್ಣು, ಮರಳು, ಗೊಬ್ಬರ ಕಲಸಿ ಚೀಲ ತುಂಬಿದರು. ನೆರಳಿನ ಜಾಲರಿಯ ಕೆಳಗಿಟ್ಟು ದಿನಕ್ಕೆ ಮೂರು ಸಲ ನೀರು ಚಿಮುಕಿಸಿದರು. ನಾಲ್ಕನೆಯ ದಿನ ಎಲೆ ಜೋತುಬಿದ್ದವು. ಎಂಟನೆಯ ದಿನಕ್ಕೆ ಹದಿನಾಲ್ಕೂ ಒಣಗಿದವು. ಹಾಗಾದರೆ ತರುವುದು ಹೇಗೆಂದು ಕೇಳಿದೆ. ಮಾಲಿ ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದರು: ಮರಿಯನ್ನು ಅಲುಗಿಸದೆ, ತಾಯಿಮರದ ಕಡೆಯ ಬೇರನ್ನು ಮಾತ್ರ ಚೂಪು ಸಲಿಕೆಯಿಂದ ಕತ್ತರಿಸಬೇಕು. ಮಣ್ಣು ಮುಚ್ಚಿ ನೀರು ಕೊಟ್ಟು ಹಾಗೇ ಬಿಡಬೇಕು. ಹಾಲು ನಿಂತಿತೆಂದು ಗೊತ್ತಾದರೆ ಮರಿ ತನ್ನ ಬೇರು ತಾನೇ ಬಿಡುತ್ತದೆ. ಮೂರು ವಾರ ಕಾದು ಆಮೇಲೆ ಎಬ್ಬಿಸಬೇಕು.

ಎರಡನೆಯ ಸಲ ಇಂಡಿಗೆ ಹೋಗುವಾಗ ಸಿಂದಗಿಯಿಂದ ಒಬ್ಬ ಅನುಭವಿ ಗಿಡ ಕಡಿಯುವವರನ್ನು ಜೊತೆಗೆ ಕರೆದುಕೊಂಡೆ. ಲೈಟಿನ ತಂತಿಗೆ ತಾಗುವ ಟೊಂಗೆ ಸವರುವುದರಲ್ಲಿ ಇಡೀ ತಾಲ್ಲೂಕಿಗೆ ಹೆಸರಾದವರು. ಎಲ್ಲರೂ ಕಾಕಾ ಎನ್ನುತ್ತಾರೆ. ನನ್ನ ಚೀಲದಲ್ಲಿ ವರದಿ ಸಿದ್ಧವಿತ್ತು. ‘ಟೊಂಗೆ ತೆಗೆದ ನಂತರ ಮರ ಸುರಕ್ಷಿತ’ ಎಂಬ ಸಾಲಿನ ಕೆಳಗೆ ಸಹಿಯೊಂದೇ ಬಾಕಿ.

ಕಾಕಾ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹದಿನೈದು ಅಡಿ ಏರಿದರು. ಅಲ್ಲಿ ಮರ ನಾಲ್ಕೈದು ಟೊಂಗೆಗಳಾಗಿ ಕವಲೊಡೆದಿತ್ತು. ಆ ಕವಲಿನಲ್ಲಿ ಕಾಲೂರಿ ಕೊಡಲಿ ಎತ್ತಿದವರು ಹಾಗೇ ಕೆಳಗಿಳಿಸಿದರು. ಸ್ವಲ್ಪ ಹೊತ್ತು ಬಗ್ಗಿ ಏನನ್ನೋ ನೋಡಿದರು.

“ಮೇಡಂ, ಒಂದ ಸಲಾಕಿ ಕಟ್ಟಿ ಮ್ಯಾಲ ಕೊಡ್ರಿ.”

ಮೂರಡಿ ಉದ್ದದ ಕಬ್ಬಿಣದ ಸಲಾಕೆ ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದೆವು. ಅವರು ಕವಲಿನ ನಡುವೆ ಒಣ ಎಲೆ ಸರಿಸಿ ಸಲಾಕೆ ಇಳಿಬಿಟ್ಟರು.

“ಒಳಗ ಹೋಗಾಕತ್ತೈತ್ರಿ… ನಿಂದ್ರವಲ್ದು.”

ನಾನು ಏಣಿ ಹಾಕಿಸಿ ಮೇಲೆ ಹತ್ತಿದೆ. ಕವಲಿನ ನಡುವೆ ಊಟದ ತಟ್ಟೆಯಷ್ಟು ಅಗಲದ ಬಾಯಿ, ಕಪ್ಪು ಗೊಬ್ಬರದಂಥ ಪುಡಿ, ಕೊಳೆತ ವಾಸನೆ. ಸಲಾಕೆಯ ಹಿಡಿಕೆ ಮಾತ್ರ ಹೊರಗೆ ಉಳಿದಿತ್ತು. ಪೊಟರೆಯ ಅಂಚನ್ನು ಕೈಯಿಂದ ಮುಟ್ಟಿ ನೋಡಿದಾಗ ಆದದ್ದೇನೆಂದು ತಿಳಿಯಿತು. ಯಾವುದೋ ಕಾಲದಲ್ಲಿ ಯಾರೋ ಈ ಮರದ ತಲೆಯನ್ನು ಸಮನಾಗಿ ಕಡಿದಿದ್ದಾರೆ. ಕಡಿದ ಜಾಗದಲ್ಲಿ ಮಳೆನೀರು ನಿಂತು ತಿರುಳು ಕೊಳೆಯುತ್ತ ಕೆಳಗಿಳಿದಿದೆ. ಸುತ್ತ ಚಿಗುರಿದ ಕುಡಿಗಳೇ ಬೆಳೆದು ಈಗಿನ ದೊಡ್ಡ ಟೊಂಗೆಗಳಾಗಿವೆ. ಅವಕ್ಕೆ ಮರದ ತಿರುಳಿನ ಆಧಾರವಿಲ್ಲ, ಅಂಚಿನ ಚರ್ಮಕ್ಕೆ ಅಂಟಿಕೊಂಡು ನಿಂತಿವೆ. ಮೊದಲೇ ಈ ಜಾತಿಯ ಟೊಂಗೆ ಪೆಡಸು; ಬಾಗುವುದಿಲ್ಲ, ಮುರಿಯುತ್ತದೆ.

ಏಣಿಯ ಮೇಲೆ ನಿಂತೇ ಬೊಡ್ಡೆಯನ್ನು ಮತ್ತೊಮ್ಮೆ ಕೊಡತಿಯಿಂದ ಬಡಿದೆ. ಅದೇ ಮೆತ್ತನೆಯ ಸದ್ದು. ಟೊಳ್ಳಿರುವುದು ಕಣ್ಣಿಗೆ ಕಾಣುತ್ತಿದ್ದರೂ ಕಿವಿಗೆ ಕೇಳಲಿಲ್ಲ. ಬೆಂಡಿನಂಥ ದಪ್ಪ ತೊಗಟೆ ಪೆಟ್ಟನ್ನೆಲ್ಲ ನುಂಗಿಬಿಡುತ್ತಿತ್ತು. ಬೇವು, ಆಲಗಳ ಮೇಲೆ ಕಲಿತ ಪರೀಕ್ಷೆಯನ್ನು ಈ ಮರದ ಮೇಲೆ ಮಾಡಿ, ಕೇಳಿಸಿದ್ದನ್ನು ನಂಬಿ, ಗಟ್ಟಿ ಎಂದು ಬರೆದಿದ್ದೆ. ಆ ತೊಗಟೆಯನ್ನು ಮೊದಲ ದಿನವೇ ಕೈಯಲ್ಲಿ ಹಿಡಿದು ಉಗುರು ಒತ್ತಿ ನೋಡಿದ್ದೆ. ಆಗಲಾದರೂ ಹೊಳೆಯಬೇಕಿತ್ತು.

ಕೆಳಗಿಳಿದು ಅಡುಗೆಕೋಣೆಯ ಕಟ್ಟೆಯ ಮೇಲೆ ಕೂತೆ. ಬೊಡ್ಡೆಯ ತೊಗಟೆಯನ್ನು ನಾಲ್ಕು ಕಡೆ ಬೆರಳಗಲ ಕೆತ್ತಿಸಿ, ಕೈಬೈರಿಗೆಯಿಂದ ಸಣ್ಣ ತೂತು ಕೊರೆಸಿದೆ. ಬೈರಿಗೆ ಗಟ್ಟಿ ಕಟ್ಟಿಗೆಯಲ್ಲಿ ಹೋಗುವಾಗ ಬಿಳಿ ಹೊಟ್ಟು ಬರುತ್ತದೆ. ಕೊಳೆತದ್ದಕ್ಕೆ ಮುಟ್ಟಿದರೆ ಕಪ್ಪು ಹೊಟ್ಟು ಬರುತ್ತದೆ, ಹಿಡಿತ ತಪ್ಪುತ್ತದೆ. ಮೂರು ಕಡೆ ಬಿಳಿ ಹೊಟ್ಟು ಬಹಳ ಹೊತ್ತು ಬಂತು. ಅಡುಗೆಕೋಣೆಯ ಕಡೆ ನಾಲ್ಕು ಬೆರಳು ಹೋಗುವುದರೊಳಗೆ ಬೈರಿಗೆ ಸರಕ್ಕನೆ ಒಳಗೆ ಜಾರಿತು.

ಅಡುಗೆಯವ್ವ ಹತ್ತಿರ ಬಂದು ನಿಂತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಅರ್ಧ ತಿಳಿದಿತ್ತು.

“ಮ್ಯಾಲಿಂದ ಅರ್ಧಾ ಕಡದ್ರ ಆಗೂದಿಲ್ಲೇನ್ರಿ? ಬುಡ ಇರಲಿ. ಮತ್ತ ಚಿಗೀತೈತಿ.”

“ಹಿಂದ ಯಾರೋ ಹಂಗ ಕಡದಿದ್ದಕ್ಕ ಈ ಗತಿ ಬಂದೈತಿ, ಅವ್ವಾರ. ಈಗ ಮತ್ತ ಕಡದ್ರ ಮತ್ತ ಅಂಥವ ಟೊಂಗಿ ಬರ್ತಾವ. ಐದಾರ ವರ್ಷಕ್ಕ ಅವೂ ಬೀಳ್ತಾವ. ಅವತ್ತ ಕೆಳಗ ಯಾರ ಕುಂತಿರ್ತಾರೋ ಏನೋ.”

“ನೀವ ಅಂದ್ರಿ, ಉಳಿತೈತಿ ಅಂತ.”

“ಅಂದಿದ್ದೆ. ತಪ್ಪ ಅಂದಿದ್ದೆ.”

ಅವರು ಸೆರಗು ಬಿಗಿದುಕೊಂಡು ಹೊರಟುಹೋದರು. ಗೇಟು ದಾಟುವವರೆಗೆ ನೋಡುತ್ತ ಕೂತೆ. ಕಾಕಾ ಹಗ್ಗ ಸುತ್ತುತ್ತ, “ಖರೇ ಹೇಳಿದ್ರಿ, ಬಿಡ್ರಿ ಮೇಡಂ,” ಎಂದರು. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ. ಅವರು ಅಂದು ಸಲಾಕೆ ಕೇಳದೆ ಟೊಂಗೆ ಸವರಿ ಇಳಿದುಬಿಟ್ಟಿದ್ದರೆ ಸಂಜೆಗೆ ಸಹಿ ಮಾಡಿ ಬಸ್ಸು ಹತ್ತಿರುತ್ತಿದ್ದೆ. ಈ ಯೋಚನೆ ಇವತ್ತಿಗೂ ಒಮ್ಮೊಮ್ಮೆ ಬರುತ್ತದೆ.

ಹಳೆಯ ವರದಿ ಹರಿದು ಅಲ್ಲೇ ಹೊಸದು ಬರೆದೆ. ಮರ ಕಡಿಯಬೇಕು, ಶಾಲೆ ಶುರುವಾಗುವುದರೊಳಗೆ. ಅಲ್ಲಿಯವರೆಗೆ ಸುತ್ತ ಹಗ್ಗ ಕಟ್ಟಿ ಯಾರನ್ನೂ ಬಿಡಬಾರದು. ಅದರ ಕೆಳಗೆ ಎರಡು ಷರತ್ತು ಸೇರಿಸಿದೆ: ಬೊಡ್ಡೆಯನ್ನು ಬುಡಕ್ಕೆ ಕೊಯ್ಯಬೇಕೇ ಹೊರತು ಬೇರು ಕೀಳಬಾರದು, ಸುಡಬಾರದು, ಮತ್ತು ಮುಂದಿನ ಮಳೆಗಾಲದವರೆಗೆ ಅಂಗಳದಲ್ಲಿ ಏಳುವ ಮರಿಗಳನ್ನು ಸವರಬಾರದು. ಮುಖ್ಯಗುರುಗಳು ಎರಡು ಸಲ ಓದಿದರು. “ಬೇರಿಂದ ಮತ್ತ ಇಲ್ಲೇ ಗಿಡ ಆಗೂದಿಲ್ಲೇನ್ರಿ?” ಎಂದು ಕೇಳಿದರು. ಮರಿಗಳನ್ನು ಎಬ್ಬಿಸಿ ನಾವೇ ಒಯ್ಯುತ್ತೇವೆ, ಅಂಗಳಕ್ಕೆ ಬೇವು ಕೊಡುತ್ತೇವೆ ಎಂದೆ. ಒಪ್ಪಿದರು.

ಆ ಮಧ್ಯಾಹ್ನವೇ, ಮಾಲಿ ಹೇಳಿಕೊಟ್ಟ ಹಾಗೆ, ಉಳಿದ ಮರಿಗಳಲ್ಲಿ ಹಗ್ಗದ ಸುತ್ತಿನಾಚೆಗಿದ್ದ ಗಟ್ಟಿಮುಟ್ಟಾದ ಹತ್ತೊಂಬತ್ತನ್ನು ಆರಿಸಿ ತಾಯಿಮರದ ಕಡೆಯ ಬೇರು ಮಾತ್ರ ಕತ್ತರಿಸಿದೆ. ಪ್ರತಿಯೊಂದಕ್ಕೂ ಗುರುತಿನ ಬಟ್ಟೆ ಕಟ್ಟಿದೆ. ಆದರೆ ರಜೆಯಲ್ಲಿ ಇವಕ್ಕೆ ನೀರು ಹಾಕುವವರು ಯಾರು? ಮುಖ್ಯಗುರುಗಳ ಮನೆ ಇಂಡಿಯಲ್ಲಿ. ಯಾರಿಗಾದರೂ ಹೇಳಿ ಹಾಕಿಸುತ್ತೇನೆ ಎಂದರು. ಯಾರಿಗೋ ಹೇಳಿ ಹಾಕಿಸುವ ನೀರು ಮೇ ತಿಂಗಳಲ್ಲಿ ಎಷ್ಟು ದಿನ ನಡೆಯುತ್ತದೆಂದು ನನಗೆ ಗೊತ್ತಿತ್ತು. ಬೇರೆ ದಾರಿಯಿರಲಿಲ್ಲ.

ಶಾಲೆ ಶುರುವಾಗಲು ನಾಲ್ಕು ದಿನ ಇರುವಾಗ ಕಡಿಯುವ ಕೆಲಸಕ್ಕೆ ಇಳಿದೆವು. ಲೈನ್‌ಮನ್ ಬಂದು ತಂತಿಯ ಕರೆಂಟು ತೆಗೆದ. ಮರವನ್ನು ಒಮ್ಮೆಲೆ ಉರುಳಿಸುವ ಹಾಗಿರಲಿಲ್ಲ. ಒಂದು ಕಡೆ ಅಡುಗೆಕೋಣೆ, ಇನ್ನೊಂದು ಕಡೆ ತಂತಿ. ಟೊಳ್ಳಿನ ಅಂಚಿನಲ್ಲಿ ಕಾಲೂರುವುದು ಅಪಾಯವೆಂದು ಕಾಕಾ ಈ ಸಲ ಮರ ಹತ್ತದೆ, ಗಟ್ಟಿ ನೆಲದ ಮೇಲೆ ಬಿದಿರಿನ ಅಟ್ಟ ಕಟ್ಟಿಸಿದರು. ಪ್ರತಿ ಟೊಂಗೆಗೂ ಎರಡು ಹಗ್ಗ: ಒಂದು ತುದಿಗೆ, ಒಂದು ಬುಡಕ್ಕೆ. ಕೆಳಗೆ ಮೂವರು ಹಿಡಿದು ಮೆಲ್ಲಗೆ ಬಿಡಬೇಕು. ಅಡುಗೆಕೋಣೆಯ ಕಡೆಯ ಟೊಂಗೆ ಮೊದಲು. ಗರಗಸ ಅರ್ಧ ಹೋಗುವುದರೊಳಗೇ ಅದು ಚಟ್ಟನೆ ಸಿಡಿದು ಹಗ್ಗದಲ್ಲಿ ಜೋತುಬಿತ್ತು. ನಂತರ ಬೊಡ್ಡೆಯನ್ನು ಮೇಲಿನಿಂದ ಐದೈದು ಅಡಿಯ ತುಂಡು ಮಾಡಿ ಇಳಿಸಿದೆವು.

ಮಧ್ಯಾಹ್ನ ಕೊನೆಯ ತುಂಡು ನೆಲಕ್ಕೆ ಬಿದ್ದಾಗ ಅಡುಗೆಯವ್ವ ಬಂದಿದ್ದು ಕಂಡಿತು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನಾನು ಕರೆಯಲಿಲ್ಲ. ಅವರಾಗಿಯೇ ಬಂದು, ಕೊಯ್ದ ಬೊಡ್ಡೆಯ ಬಾಯಿಗೆ ಬಗ್ಗಿ, ಕೈಯನ್ನು ಮೊಣಕೈವರೆಗೆ ಒಳಗೆ ಹಾಕಿದರು. ಹಿಡಿ ತುಂಬ ಕಪ್ಪು ಪುಡಿ ತೆಗೆದು ನೋಡಿ ಕೆಳಗೆ ಸುರಿದರು. ಅಡುಗೆಕೋಣೆಯ ಕಡೆಯ ದಡವನ್ನು ಬೆರಳಿನಿಂದ ಅಳೆದರು. ನಾಲ್ಕು ಬೆರಳೂ ಇರಲಿಲ್ಲ.

“ಇಷ್ಟರ ಮ್ಯಾಲ ನಿಂತಿತ್ತೇನ್ರಿ?”

“ಹೌದ್ರಿ.”

“ಇದರ ಕೆಳಗ ನಾ ಹುಡುಗ್ರಿಗಿ ನೀಡ್ತಿದ್ದೆ.” ಕೈ ಕೊಡವಿಕೊಂಡರು. ಆಮೇಲೆ, ಬೇರೆ ಯಾವುದೋ ವಿಷಯ ಎಂಬಂತೆ, “ನಿಮ್ಮ ಮರಿಗೋಳಿಗೆ ನೀರ ಹಾಕೀನ್ರಿ. ಎರಡ ಒಣಗ್ಯಾವ. ಹದಿನೇಳ ಜೀವ ಅದಾವ,” ಎಂದರು.

ಹದಿನೇಳೂ ಹಸಿರಾಗಿದ್ದವು. ಸಿಟ್ಟಿನಿಂದ ಹೊರಟುಹೋದ ಮರುದಿನದಿಂದಲೇ, ಲಿಂಬೆ ತೋಟಕ್ಕೆ ಹೋಗುವ ಮುಂಚೆ ಬೆಳಿಗ್ಗೆ ಎರಡೆರಡು ಕೊಡ ಹೊತ್ತು ಹಾಕಿದ್ದರಂತೆ. ಯಾರೂ ಹೇಳಿರಲಿಲ್ಲ. ಬಟ್ಟೆ ಕಟ್ಟಿದ್ದು ನೋಡಿ ತಾವೇ ಅರ್ಥ ಮಾಡಿಕೊಂಡಿದ್ದರು. ನಾನು ಥ್ಯಾಂಕ್ಸ್ ಹೇಳಲು ಹೋದರೆ, “ನಿಮ್ಮ ಸಲುವಾಗಿ ಹಾಕಿಲ್ರಿ,” ಎಂದರು.

ಕಟ್ಟಿಗೆಯನ್ನು ಏನು ಮಾಡುವುದೆಂದು ಮುಖ್ಯಗುರುಗಳು ಕೇಳಿದರು. ಆಕಾಶಮಲ್ಲಿಗೆಯ ಕಟ್ಟಿಗೆ ತಿಳಿ ಹಳದಿ, ಹಗುರ, ಉಳಿಗೆ ಮೆತ್ತಗೆ. ತೊಲೆ ಜಂತಿಗೆ ಬಾರದು. ಸಣ್ಣ ಸಾಮಾನಿಗೆ ಚೆನ್ನಾಗಿ ಹೊಳಪು ಹಿಡಿಯುತ್ತದೆ. ನಿಯಮದ ಪ್ರಕಾರ ಬರೆದು ಕೇಳಿ, ಗಟ್ಟಿಯಿದ್ದ ತುಂಡುಗಳನ್ನು ಶಾಲೆಗೇ ಬಿಡಿಸಿಕೊಂಡೆವು. ಊರಿನ ಬಡಿಗೇರರು ಮಕ್ಕಳು ಕೂರಲು ಮಣೆ ಮಾಡಿಕೊಟ್ಟರು. ವಿಜ್ಞಾನದ ಗುರುಗಳು ತೊಗಟೆಯ ದೊಡ್ಡ ಹಾಳೆಗಳನ್ನು ಪ್ರಯೋಗಾಲಯಕ್ಕೆ ಒಯ್ದರು. ನೀರಿನಲ್ಲಿ ತೇಲಿಸಿ ತೋರಿಸಲು ಇದಕ್ಕಿಂತ ಒಳ್ಳೆಯದು ಬೇರೆ ಬೇಡ ಎಂದರು.

ಜೂನ್ ಮಳೆ ಎರಡು ಹದವಾಗಿ ಬಿದ್ದ ಮೇಲೆ ಮಾಲಿಯನ್ನೇ ಕರೆದುಕೊಂಡು ಹೋಗಿ ಮರಿಗಳನ್ನು ಎಬ್ಬಿಸಿದೆವು. ಈ ಸಲ ಪ್ರತಿ ಮರಿಯ ಬುಡದಲ್ಲೂ ಬಿಳಿ ಎಳೆಬೇರಿನ ಗೊಂಚಲಿತ್ತು. ಹದಿನೇಳರಲ್ಲಿ ಹದಿಮೂರು ನರ್ಸರಿಯಲ್ಲಿ ಉಳಿದವು. ಒಂದು ವರ್ಷ ಚೀಲದಲ್ಲಿ ಬೆಳೆಸಿ ಮರುವರ್ಷದ ಮಳೆಗೆ ಹಂಚಿದೆ. ಪ್ರತಿಯೊಂದರ ಜೊತೆ ಒಂದು ಚೀಟಿ ಕಡ್ಡಾಯ ಮಾಡಿದೆ: ಕಟ್ಟಡದಿಂದ, ತಂತಿಯಿಂದ, ಜನ ಕೂರುವ ಜಾಗದಿಂದ ನಲವತ್ತು ಅಡಿ ದೂರ; ತಲೆ ಕಡಿಯಬಾರದು; ಟೊಂಗೆ ಇನ್ನೂ ಎಳೆಯದಾಗಿರುವಾಗಲೇ ಸವರಬೇಕು. ನಲವತ್ತು ಅಡಿ ಎಂದಾಗ ಮೂರು ಕಚೇರಿಯವರು ಸಸಿ ವಾಪಸು ಕೊಟ್ಟರು. ಅಂದ ಬೇಕು, ದೂರ ಬೇಡ ಎಂಬವರಿಗೆ ಬೇರೆ ಗಿಡಗಳಿವೆ.

ಆ ಶಾಲೆಯ ಹಿಂದಿನ ಬೇಲಿಗೂ ನಾಲ್ಕು ಸಸಿ ಹಾಕಿಸಲು ಹೋಗಿದ್ದೆ. ಕೆಲಸ ಮುಗಿದ ಮೇಲೆ ಅಡುಗೆಯವ್ವ ನನ್ನನ್ನು ಅಡುಗೆಕೋಣೆಯ ಮಗ್ಗುಲಿಗೆ ಕರೆದೊಯ್ದರು. ಕಡಿದ ಬುಡದ ಬೇರಿನಿಂದ ಇನ್ನೊಂದು ಮರಿ ಎದ್ದು ನನ್ನ ಭುಜದೆತ್ತರ ಬೆಳೆದಿತ್ತು. ಸುತ್ತ ಜಾಲಿಮುಳ್ಳು ಒಡ್ಡಿ ಆಡಿಗೆ ಸಿಗದಂತೆ ಕಾಯ್ದಿದ್ದರು. ನಾನು ಟೇಪು ತೆಗೆದೆ. ಗೋಡೆಯಿಂದ ಒಂಬತ್ತು ಅಡಿ.

“ಅವ್ವಾರ, ಇದು ಇಲ್ಲಿ ಬ್ಯಾಡ್ರಿ.”

“ಗೊತ್ತೈತ್ರಿ. ಇಲ್ಲೇ ಬಿಡ್ರಿ ಅಂದ್ನೇನು?” ಮುಳ್ಳು ಸರಿಸಿ, ಬುಡದ ಮಣ್ಣು ಬೆರಳಿಂದ ಕೆದರಿ ತೋರಿಸಿದರು. ತಾಯಿಬೇರಿನ ಕಡೆ ಚೂಪಾಗಿ ಕತ್ತರಿಸಿದ ಗುರುತು. ಅದರ ಪಕ್ಕ ಬಿಳಿ ಎಳೆಬೇರು. “ನಿಮ್ಮ ಮಾಲಿ ಹೇಳಿದಂಗ ಬೇರ ಕಡದು ಮೂರ ವಾರ ಆತು. ನೀವ ಬರೂದ ಕಾಯಾಕತ್ತಿದ್ದೆ. ಎಬ್ಬಿಸಿ ಕೊಡ್ರಿ, ನಾ ಒಯ್ತೇನಿ.”

“ಎಲ್ಲಿ ಹಚ್ತೀರಿ? ನಿಮ್ಮ ಮನಿ ಮುಂದ ನಲವತ್ತ ಅಡಿ ಎಲ್ಲೈತಿ?”

“ಮನಿ ಮುಂದ ಯಾಕ? ನಮ್ಮ ಮಂದಿ ಮಣ್ಣ ಮಾಡೂ ಜಾಗಾದಾಗ ಹಚ್ತೇನಿ. ನಮ್ಮತ್ತಿ, ನಮ್ಮ ಮನಿಯವರು ಇಬ್ರೂ ಅಲ್ಲೇ ಅದಾರ. ದಿನಾ ಹೂವ ಬೀಳ್ತಾವ.” ನನ್ನ ಕೈಯಲ್ಲಿದ್ದ ಚೀಟಿಯ ಕಡೆ ಗದ್ದ ಎತ್ತಿ ಹೇಳಿದರು: “ಟೊಂಗಿ ಮುರದ ಬಿದ್ರೂ ಅಲ್ಲಿ ಯಾರಿಗಿ ಪೆಟ್ಟಾಗ್ತೈತ್ರಿ?”

ಸಲಿಕೆ ತರಿಸಿ, ಇಬ್ಬರೂ ಕೂತು, ಮಣ್ಣಿನ ಹೆಂಟೆ ಒಡೆಯದ ಹಾಗೆ ಮರಿಯನ್ನು ಎಬ್ಬಿಸಿದೆವು. ಒದ್ದೆ ಗೋಣಿಯಲ್ಲಿ ಸುತ್ತಿ ಅವರ ತಲೆಯ ಮೇಲಿಟ್ಟೆ. ಹಂಚಿದ ಸಸಿಗಳ ವಹಿಯಲ್ಲಿ ಹದಿನಾಲ್ಕನೆಯ ಸಾಲಿಗೆ ಜಾಗದ ಹೆಸರು ಬರೆದು, ಕಟ್ಟಡದಿಂದ ಎಷ್ಟು ದೂರ ಎಂಬ ಅಂಕಣದಲ್ಲಿ ‘ಸಾಕಷ್ಟು’ ಎಂದು ತುಂಬಿದೆ.